ಒಂದೇ ಹವಳಸಾಲು, ಎರಡು ಲೆಕ್ಕ: ಮಾಲ್ಡೀವ್ಸ್ ಮತ್ತು ಲಕ್ಷದ್ವೀಪದ ಪ್ರವಾಸವೆಚ್ಚ

2024ರ ಜನವರಿಯಲ್ಲಿ ಪ್ರಧಾನಮಂತ್ರಿಗಳ ಲಕ್ಷದ್ವೀಪ ಭೇಟಿಯ ಚಿತ್ರಗಳು ಹೊರಬಂದವು. ಮಾಲ್ಡೀವ್ಸ್‌ನ ಮೂವರು ಉಪಸಚಿವರು ಅದರ ಬಗ್ಗೆ ಲಘುವಾಗಿ ಮಾತಾಡಿ ಅಮಾನತಾದರು. ಆ ಗದ್ದಲದ ನಡುವೆ ಒಂದು ಪ್ರಶ್ನೆ ನಮ್ಮಲ್ಲಿ ಮನೆಮಾತಾಯಿತು: ಮಾಲ್ಡೀವ್ಸ್ ಬಿಟ್ಟು ಲಕ್ಷದ್ವೀಪಕ್ಕೆ ಹೋದರೆ ಎಷ್ಟು ದುಡ್ಡು ಉಳಿಯುತ್ತದೆ? ಆಗ ಪ್ರಕಟವಾದ ಹೋಲಿಕೆಗಳಲ್ಲಿ ಬಹುಪಾಲು ಒಂದು ಕಡೆಯ ರೆಸಾರ್ಟ್ ದರವನ್ನೂ ಇನ್ನೊಂದು ಕಡೆಯ ಸರ್ಕಾರಿ ಪ್ಯಾಕೇಜ್ ದರವನ್ನೂ ಅಕ್ಕಪಕ್ಕ ಇಟ್ಟು, ಚಿಕ್ಕ ಅಂಕಿಯನ್ನು ದೊಡ್ಡದರಿಂದ ಕಳೆದು, ಉಳಿದದ್ದನ್ನು ಉಳಿತಾಯ ಎಂದವು.

ಅಂಕಿ ಅಂಶ ಬೇರೆಯದನ್ನೇ ಹೇಳುತ್ತದೆ. 2023ರಲ್ಲಿ ಮಾಲ್ಡೀವ್ಸ್‌ಗೆ ಹೋದ ಭಾರತೀಯರು ಎರಡು ಲಕ್ಷಕ್ಕೂ ಹೆಚ್ಚು. ಬೇರೆ ಯಾವ ದೇಶದವರೂ ಅಷ್ಟು ಸಂಖ್ಯೆಯಲ್ಲಿ ಹೋಗಿರಲಿಲ್ಲ. ಮರುವರ್ಷ ಅದು ಸುಮಾರು 1.3 ಲಕ್ಷಕ್ಕೆ ಇಳಿಯಿತು. ಹಾಗೆ ಕಡಿಮೆಯಾದವರೆಲ್ಲ ಲಕ್ಷದ್ವೀಪದ ಕಡೆ ತಿರುಗಿದರು ಎನ್ನುವಂತಿಲ್ಲ. ತಿರುಗುವ ಮನಸ್ಸಿದ್ದರೂ ಅಲ್ಲಿ ಅಷ್ಟು ಮಂದಿಗೆ ಮಲಗಲು ಜಾಗವಿಲ್ಲ. ಮಾಲ್ಡೀವ್ಸ್‌ನ ಪ್ರವಾಸಿ ಹಾಸಿಗೆಗಳು 60,000 ದಾಟಿವೆ. ಲಕ್ಷದ್ವೀಪದ್ದು ಇನ್ನೂ ನೂರುಗಳ ಲೆಕ್ಕ. ಈ ವ್ಯತ್ಯಾಸವನ್ನು ಬದಿಗಿಟ್ಟು ಬರೀ ದರಪಟ್ಟಿ ಹೋಲಿಸಿದರೆ ಏನೂ ತಿಳಿಯುವುದಿಲ್ಲ ಎಂಬುದು ನನ್ನ ವಾದ. ಎರಡೂ ಕಡೆ ಜಾಗ ಕಡಿಮೆ, ಬರುವವರು ಹೆಚ್ಚು. ಮಾಲ್ಡೀವ್ಸ್ ಆ ಅಭಾವವನ್ನು ಡಾಲರಿನಲ್ಲಿ ವಸೂಲು ಮಾಡುತ್ತದೆ, ಲಕ್ಷದ್ವೀಪ ಪರವಾನಗಿಯಲ್ಲೂ ಕಾಯಿಸುವುದರಲ್ಲೂ ವಸೂಲು ಮಾಡುತ್ತದೆ.

ಈ ಜೋಡಿಯನ್ನು ಆರಿಸಿಕೊಳ್ಳಲು ಭೂಗೋಳದ ಕಾರಣವೂ ಇದೆ. ಎರಡೂ ಸಮುದ್ರದಡಿಯ ಚಾಗೋಸ್–ಲಕ್ಕದೀವ್ ದಿಣ್ಣೆಸಾಲಿನ ಮೇಲೆ ಕುಳಿತ ಹವಳದ ದ್ವೀಪಗಳು. ಲಕ್ಷದ್ವೀಪದ ದಕ್ಷಿಣ ತುದಿಯ ಮಿನಿಕಾಯ್‌ಗೆ ತನ್ನದೇ ಆಡಳಿತದ ಕಲ್ಪೇನಿಗಿಂತ ಮಾಲ್ಡೀವ್ಸ್‌ನ ಉತ್ತರದ ದ್ವೀಪಗಳೇ ಹತ್ತಿರ. ಅಲ್ಲಿಯ ಮಾತು ಮಹಲ್, ಅಂದರೆ ಮಾಲ್ಡೀವ್ಸ್‌ನ ದಿವೇಹಿಯ ಒಂದು ರೂಪ. ಲಿಪಿ ಎರಡೂ ಕಡೆ ಥಾನ. ಗಾಳದ ಕೋಲಿನಲ್ಲಿ ಸೂರೆ (ಟ್ಯೂನಾ) ಮೀನು ಹಿಡಿಯುವ ಕ್ರಮ, ಅದನ್ನು ಬೇಯಿಸಿ ಹೊಗೆ ಹಾಕಿ ಒಣಗಿಸುವ ಪದ್ಧತಿ, ತೆಂಗು, ಕುಡಿಯುವ ನೀರಿನ ಕೊರತೆ, ಎಲ್ಲವೂ ಒಂದೇ. ಹೀಗೆ ನಿಸರ್ಗ ಹೆಚ್ಚುಕಡಿಮೆ ಸಮಾನವಾಗಿರುವಾಗ ಖರ್ಚಿನಲ್ಲಿ ಕಾಣುವ ಅಂತರಕ್ಕೆ ಕಾರಣವನ್ನು ಕಾನೂನು ಮತ್ತು ಆಡಳಿತದಲ್ಲಿ ಹುಡುಕಬಹುದು. ಬಾಲಿಯನ್ನೂ ಅಂಡಮಾನನ್ನೂ ಹೋಲಿಸಿದರೆ ಈ ಅನುಕೂಲ ಸಿಗುವುದಿಲ್ಲ.

ಮೊದಲು ಮಾಲ್ಡೀವ್ಸ್‌ನ ಬಿಲ್ಲು. ಅಲ್ಲಿಯ ಮೊದಲ ರೆಸಾರ್ಟ್ ಕುರುಂಬ ತೆರೆದದ್ದು 1972ರಲ್ಲಿ. ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಎಂಬ ಮಾದರಿ ಅಲ್ಲಿಂದ ಬೆಳೆಯಿತು. ಜನವಸತಿ ಇಲ್ಲದ ದ್ವೀಪವನ್ನು ಸರ್ಕಾರ ಗುತ್ತಿಗೆಗೆ ಕೊಡುತ್ತದೆ. ಗುತ್ತಿಗೆದಾರನೇ ಅಲ್ಲಿ ನೀರು, ವಿದ್ಯುತ್ತು, ಅಡುಗೆಮನೆ, ದೋಣಿ ಎಲ್ಲ ಕಟ್ಟಿಕೊಳ್ಳುತ್ತಾನೆ. ಅತಿಥಿಗೆ ಅದು ಒಂದೇ ಹೋಟೆಲಿರುವ ಊರು. ಊಟದ ದರ ಹೆಚ್ಚಾಯಿತು ಎಂದು ಎದುರಿನ ಅಂಗಡಿಗೆ ಹೋಗುವಂತಿಲ್ಲ, ಎದುರಿಗೆ ಇರುವುದು ಸಮುದ್ರ. ಹಾಗಾಗಿ ಕೋಣೆ ಕಾದಿರಿಸುವಾಗ ಊಟ ಸೇರಿದೆಯೇ ಇಲ್ಲವೇ ಎಂಬುದು ಕೋಣೆಯ ದರದಷ್ಟೇ ಮುಖ್ಯವಾದ ಪ್ರಶ್ನೆ.

ದರದ ಪಕ್ಕದಲ್ಲಿ ಎರಡು ಕೂಡಿಸು ಚಿಹ್ನೆ ಹಾಕುವ ಪದ್ಧತಿ ಅಲ್ಲಿದೆ. ಮೊದಲನೆಯದು ಶೇ. 10 ಸೇವಾ ಶುಲ್ಕ, ಎರಡನೆಯದು ಪ್ರವಾಸೋದ್ಯಮ ಜಿಎಸ್‌ಟಿ. ಈ ಜಿಎಸ್‌ಟಿ 2011ರಲ್ಲಿ ಶೇ. 3.5ರಿಂದ ಶುರುವಾಗಿ, ಮೆಟ್ಟಿಲು ಹತ್ತುತ್ತ 2023ರಲ್ಲಿ ಶೇ. 16, 2025ರ ಜುಲೈನಿಂದ ಶೇ. 17 ಆಯಿತು. ಗಮನಿಸಬೇಕಾದ್ದು, ಇದನ್ನು ಸೇವಾ ಶುಲ್ಕ ಸೇರಿದ ಮೊತ್ತದ ಮೇಲೆ ಹಾಕುತ್ತಾರೆ. ನೂರು ಡಾಲರಿನ ಊಟ 110 ಆಗಿ, ಆಮೇಲೆ 128.70 ಆಗುತ್ತದೆ. ಶೇ. 10 ಮತ್ತು 17 ಸೇರಿ 27 ಎಂದು ಮನಸ್ಸಿನಲ್ಲೇ ಕೂಡಿಸಿಕೊಂಡವರಿಗೆ ಉಳಿದ 1.70 ಎಲ್ಲಿಂದ ಬಂತು ಎಂದು ಹೊಳೆಯುವುದಿಲ್ಲ. ಇದರ ಜೊತೆಗೆ ತಲೆಗೆ ಇಷ್ಟು ಎಂದು ಪ್ರತಿ ರಾತ್ರಿಗೆ ಹಸಿರು ತೆರಿಗೆ. 2025ರ ಜನವರಿಯಿಂದ ಅದು ದುಪ್ಪಟ್ಟಾಗಿದೆ: ರೆಸಾರ್ಟಿನಲ್ಲಿ 12 ಡಾಲರ್, ಜನವಸತಿ ದ್ವೀಪದ ಐವತ್ತು ಕೋಣೆವರೆಗಿನ ಅತಿಥಿಗೃಹದಲ್ಲಿ 6 ಡಾಲರ್.

ಒಂದು ಲೆಕ್ಕ ಹಾಕೋಣ. ಇಬ್ಬರು, ನಾಲ್ಕು ರಾತ್ರಿ. ರೆಸಾರ್ಟ್ ಕೋಣೆಯ ಘೋಷಿತ ದರ 400 ಡಾಲರ್ ಎಂದು ಇಟ್ಟುಕೊಳ್ಳೋಣ. ಸೇವಾ ಶುಲ್ಕ ಸೇರಿ 440, ಜಿಎಸ್‌ಟಿ ಸೇರಿ 514.80, ಇಬ್ಬರ ಹಸಿರು ತೆರಿಗೆ 24 ಸೇರಿ 538.80. ಅಂದರೆ ಘೋಷಿತ ದರಕ್ಕಿಂತ ಶೇ. 35ರಷ್ಟು ಹೆಚ್ಚು. ಈಗ ಅತಿಥಿಗೃಹದ 60 ಡಾಲರ್ ಕೋಣೆ. ಅಲ್ಲೂ ಶೇ. 10 ಸೇವಾ ಶುಲ್ಕ ಎಂದು ಹಿಡಿದರೆ 66, ಆಮೇಲೆ 77.22, ಇಬ್ಬರ ಹಸಿರು ತೆರಿಗೆ 12 ಸೇರಿ 89.22. ಇಲ್ಲಿ ಏರಿಕೆ ಶೇ. 49ರ ಹತ್ತಿರ. ಕಾರಣ ಸರಳ: ಶೇಕಡಾವಾರು ತೆರಿಗೆ ದರದ ಜೊತೆ ಏರಿಳಿಯುತ್ತದೆ, ತಲೆಗಂದಾಯ ಹಾಗಲ್ಲ. ಅತಿಥಿಗೃಹಕ್ಕೆ ಅರ್ಧ ದರ ಇಟ್ಟರೂ ಅಗ್ಗದ ಕೋಣೆ ಹುಡುಕಿ ಬಂದವರಿಗೇ ಅದು ಹೆಚ್ಚು ಭಾರ.

ನಿರ್ಗಮನದ ಲೆಕ್ಕದಲ್ಲಿ ಈ ಅಸಮಾನತೆ ಇನ್ನೂ ಎದ್ದು ಕಾಣುತ್ತದೆ. ರಾಜಧಾನಿ ಮಾಲೆಯಿಂದ ಹೊರಡುವ ವಿದೇಶಿಯರು ನಿರ್ಗಮನ ತೆರಿಗೆ, ವಿಮಾನ ನಿಲ್ದಾಣ ಅಭಿವೃದ್ಧಿ ಶುಲ್ಕ ಎರಡನ್ನೂ ತೆರಬೇಕು. ಎಕಾನಮಿ ದರ್ಜೆಯಲ್ಲಿ ಮುಂಚೆ ತಲಾ 30 ಡಾಲರ್ ಇದ್ದದ್ದು 2024ರ ಡಿಸೆಂಬರಿನಿಂದ ತಲಾ 50 ಆಯಿತು, ಒಟ್ಟು 100. ಇಬ್ಬರಿಗೆ 200. ರೆಸಾರ್ಟಿನ ದಂಪತಿಯ ನಾಲ್ಕು ರಾತ್ರಿಯ ಕೋಣೆ ಬಿಲ್ಲು 2,155.20, ಅದರ ಮುಂದೆ 200 ಅಂದರೆ ಶೇ. 9. ಅತಿಥಿಗೃಹದವರ ಕೋಣೆ ಬಿಲ್ಲು 356.88, ಅದರ ಮುಂದೆ ಅದೇ 200 ಅಂದರೆ ಶೇ. 56. ಈ ಹಣ ವಿಮಾನದ ಟಿಕೆಟ್ಟಿನಲ್ಲೇ ಸೇರಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಹೋಲಿಕೆ ಮಾಡುವವರು ಟಿಕೆಟ್ ಪೂರ್ತಿ ಬರೆದು, ಮತ್ತೆ ಈ ತೆರಿಗೆಯನ್ನು ಬೇರೆ ಸಾಲಿನಲ್ಲಿ ಬರೆದು ಎರಡು ಸಲ ಎಣಿಸುವ ಅಪಾಯವೂ ಇದೆ. ನಾನು ಇದನ್ನು ಟಿಕೆಟ್ಟಿನಿಂದ ಹೊರತೆಗೆದು ದ್ವೀಪದ ಖರ್ಚಿಗೆ ಸೇರಿಸಿದ್ದೇನೆ. ಏಕೆಂದರೆ ಇದು ಹಾರಾಟದ ಬೆಲೆಯಲ್ಲ, ದೇಶದೊಳಗೆ ಕಾಲಿಟ್ಟದ್ದರ ಬೆಲೆ. ಭಾರತೀಯರಿಗೆ ವೀಸಾ ಉಚಿತ ಎಂಬ ಮಾತನ್ನು ಈ ಸಾಲಿನ ಜೊತೆಗೇ ಓದಿಕೊಳ್ಳಬೇಕು.

ಇನ್ನು ಕೊನೆಯ ನೀರಿನ ಹಾದಿ. ಬೆಂಗಳೂರಿನಿಂದ ಮಾಲೆಗೆ ನೇರ ದೂರ ಸುಮಾರು 1,100 ಕಿ.ಮೀ. ಅಷ್ಟು ದೂರ ಹಾರಿದ್ದಕ್ಕಿಂತ ಮಾಲೆಯಿಂದ ರೆಸಾರ್ಟಿಗೆ ಹೋಗುವ ನೂರಿನ್ನೂರು ಕಿ.ಮೀ. ಕೆಲವೊಮ್ಮೆ ದುಬಾರಿ. ನೀರಿನ ಮೇಲೆ ಇಳಿಯುವ ಟ್ವಿನ್ ಆಟರ್ ವಿಮಾನಕ್ಕೆ ಹೋಗಿಬರಲು ಒಬ್ಬರಿಗೆ 400ರಿಂದ 600 ಡಾಲರ್ ಕೇಳುವುದು ಸಾಮಾನ್ಯ. ಆ ವಿಮಾನ ಹಗಲಲ್ಲಿ ಮಾತ್ರ ಹಾರುತ್ತದೆ. ಸಂಜೆ ಮಾಲೆ ತಲುಪಿದವರು ಒಂದು ರಾತ್ರಿ ಪಕ್ಕದ ಹುಲುಮಾಲೆಯಲ್ಲಿ ಕೋಣೆ ಹಿಡಿಯಲೇಬೇಕು. ಆ ರಾತ್ರಿಗೂ ಜಿಎಸ್‌ಟಿ, ಹಸಿರು ತೆರಿಗೆ ಇದ್ದೇ ಇರುತ್ತದೆ. ಸಾಮಾನು 20 ಕಿಲೋ ಮೀರಿದರೆ ಬೇರೆ ದುಡ್ಡು. ಅಗ್ಗದ ಟಿಕೆಟ್ ಎಂದು ಸಂಜೆಯ ವಿಮಾನ ಹಿಡಿದವರು ಉಳಿಸಿದ್ದಕ್ಕಿಂತ ಹೆಚ್ಚು ಕಳೆದುಕೊಳ್ಳುವುದು ಇಲ್ಲೇ.

ಇದಕ್ಕೆ ಎದುರಾಗಿ ಮಾಫುಶಿಯನ್ನು ನೋಡಬಹುದು. ಮಾಲೆಯ ದಕ್ಷಿಣಕ್ಕೆ ಇಪ್ಪತ್ತೈದು ಕಿ.ಮೀ. ಚಿಲ್ಲರೆ ದೂರದ ಈ ದ್ವೀಪದಲ್ಲಿ ಜನ ವಾಸವಿದ್ದಾರೆ, ಮಸೀದಿ ಇದೆ, ಶಾಲೆ ಇದೆ, ದೇಶದ ಒಂದು ಸೆರೆಮನೆಯೂ ಇದೆ. 2009–10ರ ಸುಮಾರಿಗೆ ಸರ್ಕಾರ ಜನವಸತಿ ದ್ವೀಪಗಳಲ್ಲಿ ಅತಿಥಿಗೃಹಗಳಿಗೆ ಮತ್ತೆ ಅನುಮತಿ ಕೊಟ್ಟಾಗ ಮೊದಲು ಚಿಗುರಿದ ಊರುಗಳಲ್ಲಿ ಇದು ಒಂದು. ಸರ್ಕಾರಿ ದೋಣಿ ಒಂದೂವರೆ ಗಂಟೆಯಲ್ಲಿ ತೀರಾ ಕಡಿಮೆ ದರಕ್ಕೆ ಮುಟ್ಟಿಸುತ್ತದೆ, ಶುಕ್ರವಾರ ರಜೆ. ವೇಗದ ದೋಣಿಗೆ ಸುಮಾರು 25 ಡಾಲರ್. ಮದ್ಯ ಸಿಗುವುದಿಲ್ಲ, ಈಜುಡುಗೆಯಲ್ಲಿ ಓಡಾಡಲು ಬೇಲಿ ಹಾಕಿದ ಪ್ರತ್ಯೇಕ ದಂಡೆ. ಆದರೆ ಬೀದಿಯಲ್ಲಿ ಹತ್ತು ಹೋಟೆಲುಗಳಿರುವುದರಿಂದ ಊಟದ ಬೆಲೆಗೆ ಮೂಗುದಾರವಿದೆ.

ರೆಸಾರ್ಟಿನವರಿಗೆ ಕಡಲವಿಮಾನ ತಲಾ 500, ಮಾಫುಶಿಯವರಿಗೆ ವೇಗದ ದೋಣಿ ಎರಡೂ ಕಡೆಗೆ ತಲಾ 50 ಎಂದು ಹಿಡಿದು ಕೂಡಿಸಿದರೆ, ಊಟ ಮತ್ತು ಬೆಂಗಳೂರಿನ ಟಿಕೆಟ್ ಬಿಟ್ಟು, ಮೊದಲನೆಯವರಿಗೆ 3,355.20 ಡಾಲರ್, ಎರಡನೆಯವರಿಗೆ 656.88. ಡಾಲರಿಗೆ 90 ರೂಪಾಯಿ ಎಂದುಕೊಂಡರೆ ಒಂದು ಮೂರು ಲಕ್ಷ, ಇನ್ನೊಂದು ಐವತ್ತೊಂಬತ್ತು ಸಾವಿರ. ಐದು ಪಟ್ಟು ಅಂತರ, ಒಂದೇ ದೇಶದೊಳಗೆ. "ಮಾಲ್ಡೀವ್ಸ್ ದುಬಾರಿ" ಎಂಬ ವಾಕ್ಯವನ್ನು ಯಾರಾದರೂ ಹೇಳಿದರೆ ಯಾವ ಮಾಲ್ಡೀವ್ಸ್ ಎಂದು ಕೇಳಲೇಬೇಕು. ಲಕ್ಷದ್ವೀಪದ ಜೊತೆ ಇಟ್ಟು ನೋಡಬೇಕಾದ್ದು ಮಾಫುಶಿಯಂಥ ಊರನ್ನು. ಎರಡೂ ಕಡೆ ಮನೆಮಂದಿ ಇರುವ ದ್ವೀಪ, ಎರಡೂ ಕಡೆ ಮದ್ಯವಿಲ್ಲ (ಲಕ್ಷದ್ವೀಪದಲ್ಲಿ ಬಂಗಾರಂ ಒಂದನ್ನು ಬಿಟ್ಟು), ಎರಡೂ ಕಡೆ ಸಾಧಾರಣ ಕೋಣೆ.

ಹಾಗೆ ಇಟ್ಟು ನೋಡಿದರೆ ತೆರಿಗೆಯಲ್ಲಿ ಲಕ್ಷದ್ವೀಪದ್ದು ನಿಸ್ಸಂದೇಹವಾಗಿ ಹಗುರ. ಭಾರತದಲ್ಲಿ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 5 ಮಾತ್ರ. 5,400 ರೂಪಾಯಿಯ ಕೋಣೆ ಇಲ್ಲಿ 5,670 ಆಗುತ್ತದೆ. ಅಷ್ಟೇ ಬೆಲೆಯ, ಅಂದರೆ 60 ಡಾಲರಿನ, ಮಾಫುಶಿಯ ಕೋಣೆ ಇಬ್ಬರಿಗೆ ಎಂಟು ಸಾವಿರ ದಾಟುತ್ತದೆ. ಪ್ರವೇಶ ಪರವಾನಗಿಯ ಶುಲ್ಕ ಕೆಲವು ನೂರು ರೂಪಾಯಿ ಮೀರದು. ವಿದೇಶಿ ಪ್ಯಾಕೇಜುಗಳಿಗೆ ಮೂಲದಲ್ಲೇ ಹಿಡಿಯುವ ಟಿಸಿಎಸ್ ಇಲ್ಲಿಲ್ಲ. (ಟಿಸಿಎಸ್ ಅನ್ನು ಖರ್ಚಿಗೆ ಸೇರಿಸುವುದು ಸರಿಯಲ್ಲ, ರಿಟರ್ನ್ ಸಲ್ಲಿಸುವಾಗ ತೆರಿಗೆಗೆ ಹೊಂದಿಕೆಯಾಗುವ ಹಣ ಅದು. ಆದರೆ ಅಲ್ಲಿಯವರೆಗೆ ಕೈಯಿಂದ ಹೋಗಿರುತ್ತದೆ.)

ಆದರೆ 5,400 ರೂಪಾಯಿಯ ಕೋಣೆ ಬೇಕೆಂದಾಗ ಸಿಗುತ್ತದೆಯೇ? ಲಕ್ಷದ್ವೀಪದ ಲೆಕ್ಕ ತೊಡಕಾಗುವುದು ಈ ಪ್ರಶ್ನೆಯಲ್ಲಿ. 36 ದ್ವೀಪಗಳು, ಜನವಸತಿ ಇರುವುದು ಹತ್ತರಲ್ಲಿ, ಒಟ್ಟು ನೆಲ 32 ಚದರ ಕಿ.ಮೀ., 2011ರ ಜನಗಣತಿಯಂತೆ 64,473 ಜನ. ಬಹುತೇಕ ಎಲ್ಲರೂ ಪರಿಶಿಷ್ಟ ಪಂಗಡದವರು. ಹೊರಗಿನವರ ಪ್ರವೇಶವನ್ನೂ ವಾಸವನ್ನೂ 1967ರ ನಿಯಮಗಳು ನಿರ್ಬಂಧಿಸುತ್ತವೆ. ದ್ವೀಪವಾಸಿಗಳಲ್ಲದ ಭಾರತೀಯರಿಗೂ ಪರವಾನಗಿ ಬೇಕು. ಅದಕ್ಕೆ ಪೊಲೀಸ್ ದೃಢೀಕರಣ ಕೇಳುವ ಪದ್ಧತಿ ಇದೆ. ಕರ್ನಾಟಕದವರು ಅದನ್ನು ಸೇವಾ ಸಿಂಧು ಜಾಲತಾಣದ ಮೂಲಕ ಪಡೆಯುತ್ತಾರೆ. ಆಮೇಲೆ ಅಗತ್ತಿ ದ್ವೀಪಕ್ಕೆ ವಿಮಾನ. ಅಗತ್ತಿಯ ಓಡುಪಥ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು, ಎಟಿಆರ್‌ನಂಥ ಸಣ್ಣ ವಿಮಾನ ಮಾತ್ರ ಇಳಿಯಬಲ್ಲದು. 2024ರ ಮಾರ್ಚ್ 31ರಂದು ಬೆಂಗಳೂರಿನಿಂದ ಅಗತ್ತಿಗೆ ನೇರ ವಿಮಾನ ಶುರುವಾಯಿತು. ದೂರ ಸುಮಾರು 650 ಕಿ.ಮೀ., ಮಾಲೆಯ ಮುಕ್ಕಾಲು ಪಾಲೂ ಇಲ್ಲ. ಸಣ್ಣ ವಿಮಾನದ ಕೆಲವೇ ಸೀಟುಗಳ ಮೇಲೆ ಇಡೀ ಹಾರಾಟದ ಖರ್ಚು ಬೀಳುವುದರಿಂದ ದರ ಆ ಪ್ರಮಾಣದಲ್ಲಿ ಇಳಿಯುವುದಿಲ್ಲ.

ಹಡಗಿನ ದಾರಿಯಲ್ಲಿ ಕೊಚ್ಚಿಯಿಂದ ಕವರತ್ತಿ 404 ಕಿ.ಮೀ., ಕಡಮತ್ 407 ಕಿ.ಮೀ. ದ್ವೀಪಾಡಳಿತದ ಪ್ರವಾಸ ಸಂಸ್ಥೆಯಾದ ಸ್ಪೋರ್ಟ್ಸ್ ನಡೆಸುವ 'ಸಮುದ್ರಂ' ಪ್ಯಾಕೇಜಿನಲ್ಲಿ ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ನೋಡಿ ರಾತ್ರಿ ಹಡಗಿನಲ್ಲೇ ಮಲಗುತ್ತಾರೆ. ದ್ವೀಪದ ಮೇಲೆ ಹಾಸಿಗೆ ಇಲ್ಲದ ಕೊರತೆಯನ್ನು ಹಡಗಿನ ಹಾಸಿಗೆಯಿಂದ ತುಂಬಿಸಿಕೊಂಡ ಜಾಣತನ ಇದು. ಊಟ, ದೋಣಿ, ಪ್ರಯಾಣ, ಪರವಾನಗಿ ಎಲ್ಲ ಒಂದೇ ಮೊತ್ತದಲ್ಲಿ ಸೇರಿರುವುದರಿಂದ ಬಿಡಿಬಿಡಿಯಾಗಿ ಹೋಲಿಸಲು ಬರುವುದಿಲ್ಲ. ಅನಿರೀಕ್ಷಿತ ಖರ್ಚು ಇಲ್ಲ ಎಂಬುದು ಇದರ ದೊಡ್ಡ ಗುಣ. ತನ್ನಿಷ್ಟದಂತೆ ಒಂದು ದಿನ ಹೆಚ್ಚು ಉಳಿಯುವ, ಒಂದು ಹೊತ್ತು ಊಟ ಬಿಡುವ ಸ್ವಾತಂತ್ರ್ಯವೂ ಇಲ್ಲ.

ಕೊಚ್ಚಿಯ ಆಸ್ಪತ್ರೆಗೆ ಹೋಗಬೇಕಾದ ರೋಗಿ, ಕಾಲೇಜಿಗೆ ಹೊರಟ ಹುಡುಗಿ, ರಜೆಗೆ ಊರಿಗೆ ಮರಳುವ ನೌಕರ ಕಾಯುವುದೂ ಇವೇ ಹಡಗುಗಳಿಗೆ. ಮಳೆಗಾಲದಲ್ಲಿ ಸಣ್ಣ ದೋಣಿಗಳು ನಿಂತು ಸೀಟು ಇನ್ನಷ್ಟು ಕಡಿಮೆಯಾಗುತ್ತದೆ. ದ್ವೀಪವಾಸಿಗಳಿಗಾಗಿ ಸರ್ಕಾರ ಟಿಕೆಟ್ ದರವನ್ನು ಕೆಳಗೇ ಹಿಡಿದಿದೆ, ಅದು ಸರಿಯೂ ಹೌದು. ಅಂಥ ಕಡೆ ಬೆಲೆ ಏರಿ ಜನರನ್ನು ಬೇರ್ಪಡಿಸುವುದಿಲ್ಲ, ಸರದಿಯೇ ಬೇರ್ಪಡಿಸುತ್ತದೆ. ಹೀಗೆ ಚೀಟಿಯಲ್ಲಿ ಬರೆಯದ ವೆಚ್ಚವನ್ನು ಅರ್ಥಶಾಸ್ತ್ರದಲ್ಲಿ ನೆರಳು ಬೆಲೆ ಎನ್ನುತ್ತಾರೆ. ಅದನ್ನು ರೂಪಾಯಿಗೆ ಇಳಿಸುವುದು ಕಷ್ಟ, ಆದರೆ ಅಸಾಧ್ಯವಲ್ಲ. ಪರವಾನಗಿಗೂ ಹಡಗಿನ ವೇಳೆಗೂ ಹೊಂದಿಸಿಕೊಳ್ಳಲು ಕೊಚ್ಚಿಯಲ್ಲಿ ಕಳೆಯುವ ಒಂದೆರಡು ರಾತ್ರಿಯ ಬಾಡಿಗೆ, ಅಷ್ಟು ದಿನದ ಸಂಬಳದ ರಜೆ, ದಿನಾಂಕ ಬದಲಾದರೆ ರದ್ದಾಗುವ ರೈಲು ಅಥವಾ ವಿಮಾನದ ಟಿಕೆಟ್: ಇವಿಷ್ಟನ್ನು ಲೆಕ್ಕಕ್ಕೆ ತಂದರೂ ಸಾಕು. ದಿನಕ್ಕೆ ಮೂರು ಸಾವಿರ ದುಡಿಯುವ ದಂಪತಿ ಎರಡು ದಿನ ಹೆಚ್ಚು ರಜೆ ಹಾಕಿ, ಎರಡು ರಾತ್ರಿ ಮೂರು ಸಾವಿರದಂತೆ ಕೋಣೆ ಹಿಡಿದರೆ ಹನ್ನೆರಡು ಸಾವಿರ ಅಲ್ಲೇ ಹೋಯಿತು. ಮಾಲ್ಡೀವ್ಸ್‌ನ ನಿರ್ಗಮನ ತೆರಿಗೆ ಇಬ್ಬರಿಗೆ, 90ರ ಲೆಕ್ಕದಲ್ಲಿ, ಹದಿನೆಂಟು ಸಾವಿರ. ಎರಡರ ನಡುವೆ ಅಂತರವಿದೆ, ಆದರೆ ಜಾಹೀರಾತು ಹೇಳುವಷ್ಟಲ್ಲ. ನಿವೃತ್ತರಿಗೆ ರಜೆಯ ಲೆಕ್ಕ ಬೀಳುವುದಿಲ್ಲ, ಅವರಿಗೆ ಲಕ್ಷದ್ವೀಪ ನಿಜಕ್ಕೂ ಅಗ್ಗ. ವಾರದ ರಜೆಯೂ ಗೋಗರೆದು ಪಡೆಯಬೇಕಾದ ಐಟಿ ನೌಕರನಿಗೆ ಮಾಫುಶಿಯೇ ಅಗ್ಗವಾಗಬಹುದು.

ಎರಡೂ ಕಡೆ ದಿನಸಿ ದುಬಾರಿ, ಕಾರಣ ಒಂದೇ: ನೆಲದಲ್ಲಿ ಬೆಳೆಯುವುದು ಕಡಿಮೆ, ಉಳಿದದ್ದು ನೀರಿನ ಮೇಲೆ ಬರಬೇಕು. ಮಾಲ್ಡೀವ್ಸ್‌ಗೆ ಭಾರತ 1981ರ ವ್ಯಾಪಾರ ಒಪ್ಪಂದದಡಿ ಅಕ್ಕಿ, ಸಕ್ಕರೆ, ಈರುಳ್ಳಿ, ಮೊಟ್ಟೆಯಿಂದ ಹಿಡಿದು ಮರಳು, ಜಲ್ಲಿಯವರೆಗೆ ವರ್ಷವರ್ಷವೂ ಕೋಟಾ ನಿಗದಿ ಮಾಡಿ ಕಳಿಸುತ್ತದೆ. ಲಕ್ಷದ್ವೀಪಕ್ಕೆ ತರಕಾರಿ, ಸಿಮೆಂಟು, ಜಲ್ಲಿ ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಎಂಬ ಸರಕುದೋಣಿಗಳಲ್ಲಿ ಹೋಗುತ್ತದೆ. ನೀರಿನ ಕಥೆಯೂ ಹಾಗೆಯೇ. ಕವರತ್ತಿಯಲ್ಲಿ 2005ರಿಂದ ಸಮುದ್ರದ ಆಳದ ತಣ್ಣೀರನ್ನು ಬಳಸಿ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ತೆಗೆಯುವ ಸ್ಥಾವರವಿದೆ. ಮಾಲೆಯಲ್ಲಿ 2014ರ ಡಿಸೆಂಬರಿನಲ್ಲಿ ಕಡಲನೀರನ್ನು ಸಿಹಿಗೊಳಿಸುವ ಸ್ಥಾವರಕ್ಕೆ ಬೆಂಕಿ ಬಿದ್ದಾಗ ಭಾರತ ವಿಮಾನದಲ್ಲೂ ಹಡಗಿನಲ್ಲೂ ಕುಡಿಯುವ ನೀರು ಕಳಿಸಬೇಕಾಯಿತು. ಅಲ್ಲಿಯ ಕೋಣೆಯಲ್ಲಿ ಬಕೆಟ್ ತುಂಬಿ ಸ್ನಾನ ಮಾಡುವಾಗ ಆ ನೀರಿಗೂ ಡೀಸೆಲಿನ ಬೆಲೆ ಇದೆ.

ಮಂಗಳೂರಿನ ಹೆಸರು ಇಲ್ಲಿ ಸುಮ್ಮನೆ ಬಂದದ್ದಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಸೇರಿದ ಅಮಿನಿದಿವಿ ದ್ವೀಪಗಳು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಕೈಸೇರಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯ ಪಾಲಾಗಿ, 1956ರ ನವೆಂಬರ್ 1ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಮಂಗಳೂರಿನಿಂದ ಆಡಳಿತಕ್ಕೊಳಪಟ್ಟಿದ್ದವು. ದಕ್ಷಿಣದ ದ್ವೀಪಗಳು ಮಲಬಾರಿಗೆ ಸೇರಿದ್ದವು. ಕೇಂದ್ರಾಡಳಿತ ಪ್ರದೇಶವಾದಾಗ ಕಚೇರಿ ಮೊದಲು ಕೋಯಿಕ್ಕೋಡಿನಲ್ಲಿದ್ದು 1964ರಲ್ಲಿ ಕವರತ್ತಿಗೆ ಹೋಯಿತು. ಪ್ರಯಾಣಿಕ ಹಡಗುಗಳ ನೆಲೆ ಕೊಚ್ಚಿಯಾಯಿತು, ಮಂಗಳೂರಿಗೆ ಉಳಿದದ್ದು ಮುಖ್ಯವಾಗಿ ಸರಕು. ಆದರೆ ಕಡಮತ್‌ಗೆ ಮಂಗಳೂರಿನಿಂದ ನೇರ ದೂರ ಸುಮಾರು 290 ಕಿ.ಮೀ., ಕೊಚ್ಚಿಯಿಂದ ಇರುವುದಕ್ಕಿಂತ ನೂರು ಕಿಲೋಮೀಟರಿಗೂ ಮಿಕ್ಕಿ ಕಡಿಮೆ. ಉತ್ತರ ದ್ವೀಪಗಳಿಗೆ ಹೋಗುವ ಕನ್ನಡಿಗ ಇಂದು ಕೊಚ್ಚಿಯವರೆಗೆ ಇಳಿದು ಮತ್ತೆ ಮೇಲೆ ಹತ್ತುವ ಸುತ್ತು ಭೂಗೋಳ ಕೊಟ್ಟದ್ದಲ್ಲ, ಆಡಳಿತ ಕೊಟ್ಟದ್ದು.

ಅಭಾವವನ್ನು ಹೀಗೇ ಇಟ್ಟುಕೊಳ್ಳಬೇಕೇ ಎಂಬ ಚರ್ಚೆ ಹಳೆಯದು. ಅಗತ್ತಿಯ ಒಂದು ರೆಸಾರ್ಟಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ನಿವೃತ್ತ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ದ್ವೀಪ ದ್ವೀಪಕ್ಕೂ ಅದರ ತಾಳಿಕೆಯನ್ನು ಅಳೆದು ಸಮಗ್ರ ನಿರ್ವಹಣಾ ಯೋಜನೆ ಮಾಡಿಕೊಂಡು ಅದರಂತೆ ನಡೆಯಬೇಕೆಂಬ ದಾರಿ ಅಲ್ಲಿಂದ ಗಟ್ಟಿಯಾಯಿತು. ನನ್ನ ಓದಿನಲ್ಲಿ, ಪರವಾನಗಿಯನ್ನು ಬರೀ ಕಚೇರಿಯ ಕಿರಿಕಿರಿ ಎಂದು ನೋಡುವ ಪ್ರವಾಸಿ ಬರಹಗಳು ಈ ಅಧ್ಯಾಯವನ್ನು ಓದಿಲ್ಲ. 32 ಚದರ ಕಿಲೋಮೀಟರಿನ ನೆಲಕ್ಕೆ ಬರುವವರ ಸಂಖ್ಯೆ ಹಿಡಿತದಲ್ಲಿರಬೇಕು. ಅದನ್ನು ಯಾವ ಉಪಾಯದಿಂದ ಹಿಡಿಯುವುದು ಎಂಬುದಷ್ಟೇ ಪ್ರಶ್ನೆ.

ಆ ಉಪಾಯ ಈಗ ಬದಲಾಗುತ್ತಿದೆ. ಸುಹೇಲಿ ಮತ್ತು ಕಡಮತ್‌ನಲ್ಲಿ ತಲಾ 110 ವಿಲ್ಲಾಗಳ ತಾಜ್ ಹೋಟೆಲುಗಳನ್ನು 2023ರಲ್ಲಿ ಘೋಷಿಸಲಾಯಿತು, ಅವುಗಳಲ್ಲಿ ಕೆಲವು ನೀರಿನ ಮೇಲಿನವು. ಸುಹೇಲಿ ಜನವಸತಿ ಇಲ್ಲದ ದ್ವೀಪ. ಅಲ್ಲಿ ನಡೆಯುವುದು ಮಾಲ್ಡೀವ್ಸ್‌ನ ಮಾದರಿಯೇ. ಕಡಮತ್‌ನದು ಜನರ ನಡುವಿನ ಹೋಟೆಲು. ಇವು ತೆರೆದರೆ ಲಕ್ಷದ್ವೀಪದಲ್ಲೂ ಎರಡು ದರಪಟ್ಟಿಗಳಿರುತ್ತವೆ, ಸರದಿಯಲ್ಲಿ ಕಾಯುವವರಿಗೊಂದು, ಕಾಯದೆ ಕೊಡಬಲ್ಲವರಿಗೊಂದು. 7,500 ರೂಪಾಯಿ ಮೀರಿದ ಕೋಣೆಗೆ ಜಿಎಸ್‌ಟಿ ಶೇ. 18, ಅಂದರೆ ಮಾಲ್ಡೀವ್ಸ್‌ನ ಶೇ. 17ಕ್ಕಿಂತ ಒಂದು ಹೆಚ್ಚೇ. ಮಂಗಳೂರಿನ ಕಡೆಯಿಂದಲೂ ಒಂದು ಸುಳಿವಿದೆ: 2024ರ ಮೇ ತಿಂಗಳಲ್ಲಿ 'ಪರಳಿ' ಎಂಬ ವೇಗದ ಹಡಗು ಲಕ್ಷದ್ವೀಪದಿಂದ 160 ಪ್ರಯಾಣಿಕರನ್ನು ಹೊತ್ತು ಸುಮಾರು ಏಳು ಗಂಟೆಯಲ್ಲಿ ಹಳೆ ಬಂದರಿಗೆ ಬಂತು. ಅದು ನಿಯತವಾದರೆ ಕರಾವಳಿಯ ಪ್ರವಾಸಿಯ ಲೆಕ್ಕದಿಂದ ಕೊಚ್ಚಿಯ ರೈಲು, ಕೊಚ್ಚಿಯ ರಾತ್ರಿ ಎರಡೂ ಕಳೆಯುತ್ತವೆ. ಪರವಾನಗಿ, ಮಳೆಗಾಲ, ಬರ್ತಿನ ಸರದಿ ಈ ಮೂರು ಸಾಲುಗಳು ಹಾಗೇ ಉಳಿಯುತ್ತವೆ.